ಊನೋ ತರೋಣವೋ, ಇಎಸ್‌ಪಿ ತರೋಣವೋ

ರೋಬಾಟ್ ಕಟ್ಟುವ ಆಸೆ ಹತ್ತಿದ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ವಾದ ಮುಗಿಯುವುದೇ ಇಲ್ಲ. ರೋಬಾಟಿನ ಮಿದುಳಾಗಿ ಆರ್ಡುಯಿನೋ ಊನೋ ಬೋರ್ಡು ತರಿಸುವುದೋ, ಇಎಸ್‌ಪಿ32 ತರಿಸುವುದೋ? ಬೆಂಗಳೂರಿನವರಿಗೆ ಇದು ತಲೆ ಕೆಡಿಸಿಕೊಳ್ಳುವ ವಿಷಯವಲ್ಲ. ಒಂದು ಸುಟ್ಟರೆ ಸಂಜೆ ಎಸ್.ಪಿ. ರಸ್ತೆಗೆ ಹೋಗಿ ಇನ್ನೊಂದು ತಂದುಕೊಳ್ಳುತ್ತಾರೆ. ಅರಳಗುಪ್ಪೆಯಂಥ ಊರಿನಲ್ಲಿ ಲೆಕ್ಕ ಬೇರೆ. ಕಲ್ಲೇಶ್ವರ ದೇವಸ್ಥಾನದ ಚಾವಣಿಯ ಕೆತ್ತನೆ ನೋಡಲು ದೂರದಿಂದ ಜನ ಇಲ್ಲಿಗೆ ಬರುತ್ತಾರೆ. ಆದರೆ ಒಂದು ಮೋಟರ್ ಡ್ರೈವರ್ ಬರಬೇಕಾದರೆ ಪಾರ್ಸೆಲ್ಲಿಗೆ ಕಾಯಬೇಕು, ಇಲ್ಲವೇ ರೈಲು ಹತ್ತಿ ನಾವೇ ಬೆಂಗಳೂರಿಗೆ ಹೋಗಬೇಕು. ಬೋರ್ಡು ಸತ್ತರೆ ಪ್ರಯೋಗ ಅಲ್ಲಿಗೇ ನಿಲ್ಲುತ್ತದೆ, ಹೊಸದು ಬರುವಷ್ಟರಲ್ಲಿ ಎಂಟನೇ ಕ್ಲಾಸಿನ ಹುಡುಗಿಯ ಉತ್ಸಾಹವೂ ಆರಿರುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಯಲ್ಲಿ ಕೂತು ಈ ಆಯ್ಕೆ ಮಾಡುವವರು ಬೋರ್ಡಿನ ವೇಗವನ್ನಷ್ಟೇ ನೋಡಿದರೆ ಸಾಲದು. ವೈರು ತಪ್ಪಾಗಿ ಕೂತಾಗ ಆ ಬೋರ್ಡು ಏನಾಗುತ್ತದೆ ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ.

ಊನೋ ಪರವಾಗಿರುವವರ ಮಾತು ಮೊದಲು ಕೇಳೋಣ. 2005ರಲ್ಲಿ ಇಟಲಿಯ ಇವ್ರೆಯಾದ ವಿನ್ಯಾಸ ಶಾಲೆಯಲ್ಲಿ ಮಸ್ಸಿಮೋ ಬಾಂಜಿ ಮತ್ತು ಜೊತೆಗಾರರು ಆರ್ಡುಯಿನೋ ಮಾಡಿದ್ದು ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗಾಗಿ. ಊನೋ ಬಂದದ್ದು 2010ರಲ್ಲಿ. ಅದರ ನಕ್ಷೆಯನ್ನು ಯಾರು ಬೇಕಾದರೂ ತೆಗೆದುಕೊಂಡು ಬೋರ್ಡು ತಯಾರಿಸಬಹುದೆಂದು ಬಿಟ್ಟುಕೊಟ್ಟರು. ಇವತ್ತು ಕೆಲವು ನೂರು ರೂಪಾಯಿಗೆ ಸಿಗುವ ತದ್ರೂಪು ಬೋರ್ಡುಗಳು ಹಾಗೆ ಹುಟ್ಟಿದವು. ಆರ್ಡುಯಿನೋ ಎಂಬ ಹೆಸರನ್ನೂ ಗುರುತನ್ನೂ ಅಕ್ರಮವಾಗಿ ಅಚ್ಚು ಹಾಕಿಕೊಳ್ಳದಿದ್ದರೆ ಅವು ಕಳ್ಳಮಾಲೂ ಅಲ್ಲ. ಅಸಲಿ ಬೋರ್ಡಿಗೆ ಹಲವು ಪಟ್ಟು ಬೆಲೆ. ಮನೆಯ ಪ್ರಯೋಗಕ್ಕೆ ತದ್ರೂಪು ಸಾಕು ಎಂಬುದು ನನ್ನ ಅಭಿಪ್ರಾಯ. ಅವುಗಳಲ್ಲಿ ಯುಎಸ್‌ಬಿ ಕೆಲಸಕ್ಕೆ ಸಾಮಾನ್ಯವಾಗಿ ಸಿಎಚ್340 ಎಂಬ ಚಿಪ್ ಇರುತ್ತದೆ, ಹಳೆಯ ಕಂಪ್ಯೂಟರಾದರೆ ಅದರ ಡ್ರೈವರನ್ನು ಮೊದಲೇ ಹಾಕಿಟ್ಟುಕೊಳ್ಳಬೇಕು.

ಊನೋ ಒಳಗಿರುವುದು ಎಟಿಮೆಗಾ328ಪಿ. ವೇಗ 16 ಮೆಗಾಹರ್ಟ್ಸ್, ಪ್ರೋಗ್ರಾಮಿಗೆ 32 ಕಿಲೋಬೈಟ್ ಜಾಗ, ನೆನಪು ಬರೀ 2 ಕಿಲೋಬೈಟ್. ಅಂಕಿ ನೋಡಿದರೆ ಬಡಪಾಯಿ ಅನಿಸುತ್ತದೆ. ಆದರೆ ಅದು ನಡೆಯುವುದು 5 ವೋಲ್ಟಿನಲ್ಲಿ, ಮತ್ತು ಮಕ್ಕಳ ಕೈಗೆ ಬರುವ ಅಗ್ಗದ ಸೆನ್ಸರು, ಸರ್ವೋ, ರಿಲೇಗಳಲ್ಲಿ ಬಹುಪಾಲು 5 ವೋಲ್ಟಿನವೇ. ವೈರು ಎಲ್ಲಿಂದ ಎಲ್ಲಿಗೆ ಎಂದು ನೋಡಿ ಸಿಕ್ಕಿಸಿದರೆ ಕೆಲಸ ಆಯಿತು. ಒಂದು ಪಿನ್ನಿನಿಂದ 20 ಮಿಲಿಆಂಪಿಯರ್ ನಿರಾಳವಾಗಿ ಎಳೆಯಬಹುದು, 40 ದಾಟಿದರೆ ಅಪಾಯ. ರೆಸಿಸ್ಟರ್ ಹಾಕುವುದನ್ನು ಮರೆತು ಎಲ್‌ಇಡಿ ಹೊತ್ತಿಸಿದ ಎಷ್ಟೋ ಊನೋಗಳು ಬದುಕಿಕೊಂಡಿವೆ. ಬದುಕದಿದ್ದರೂ ಒಂದು ದಾರಿ ಉಳಿದಿರುತ್ತದೆ. ಇಪ್ಪತ್ತೆಂಟು ಕಾಲಿನ ಉದ್ದನೆಯ ಚಿಪ್ ಇರುವ ಊನೋದಲ್ಲಿ ಆ ಚಿಪ್ ಸಾಕೆಟ್ಟಿನಲ್ಲಿ ಕೂತಿರುತ್ತದೆ. ಸಣ್ಣ ಸ್ಕ್ರೂಡ್ರೈವರಿನಿಂದ ಎರಡೂ ತುದಿ ಮೆಲ್ಲಗೆ ಮೀಟಿ ತೆಗೆದು, ಬೂಟ್‌ಲೋಡರ್ (ಪ್ರೋಗ್ರಾಮನ್ನು ಒಳಗಿಳಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರು) ಹಾಕಿದ ಹೊಸ ಚಿಪ್ಪನ್ನು, ಗುರುತಿನ ಕಚ್ಚು ಹಳೆಯದು ಇದ್ದ ಕಡೆಗೇ ಬರುವಂತೆ ಒತ್ತಿದರೆ ಬೋರ್ಡು ಮತ್ತೆ ಎದ್ದು ಕೂರುತ್ತದೆ. ಅದೇ ಬೆಲೆಗೆ ಸಿಗುವ ಇನ್ನೊಂದು ಬಗೆಯ ಊನೋದಲ್ಲಿ ಚೌಕನೆಯ ಪುಟ್ಟ ಚಿಪ್ಪನ್ನು ನೇರ ಬೆಸೆದುಬಿಟ್ಟಿರುತ್ತಾರೆ. ಅದು ಹೋದರೆ ಬೋರ್ಡೇ ಹೋದಂತೆ. ಆರ್ಡರ್ ಮಾಡುವ ಮೊದಲು ಫೋಟೋ ದೊಡ್ಡದು ಮಾಡಿ ನೋಡಬೇಕಾದ್ದು ಇದನ್ನು. ಅಂಗಡಿಯಿಂದ ದೂರ ಇರುವವರಿಗೆ ಈ ಒಂದು ಸಾಕೆಟ್ಟಿನ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ.

ಇನ್ನೊಂದು ಅನುಕೂಲ ಕಂಪ್ಯೂಟರಿನದು. ಊನೋ ಪ್ರೋಗ್ರಾಮು ಹಳೆಯ ಲ್ಯಾಪ್‌ಟಾಪಿನಲ್ಲೂ ಕೆಲವೇ ಸೆಕೆಂಡಿನಲ್ಲಿ ತಯಾರಾಗಿ ಬೋರ್ಡಿಗೆ ಇಳಿಯುತ್ತದೆ. ಲ್ಯಾಪ್‌ಟಾಪೇ ಇಲ್ಲದ ಮನೆಯಲ್ಲಿ ಒಟಿಜಿ ಕೇಬಲ್ ಹಾಕಿ ಫೋನಿನಿಂದಲೇ ಊನೋಗೆ ಪ್ರೋಗ್ರಾಂ ಹಾಕುವ ಆ್ಯಪ್‌ಗಳಿವೆ. ಇಎಸ್‌ಪಿ32ಕ್ಕೆ ಬೇಕಾದ ಸಾಮಗ್ರಿ ಮೊದಲ ಸಲ ಇಳಿಸಿಕೊಳ್ಳುವಾಗ ಹಲವು ನೂರು ಎಂಬಿ ಬೇಡುತ್ತದೆ. ಅಪ್ಪನ ಫೋನಿನ ಹಾಟ್‌ಸ್ಪಾಟ್ ನಂಬಿಕೊಂಡ ಮಕ್ಕಳು ಅಲ್ಲೇ ಅರ್ಧ ದಿನ ಕಳೆಯುತ್ತಾರೆ.

ಈಗ ಇಎಸ್‌ಪಿ ಪಕ್ಷ. ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್ 2014ರಲ್ಲಿ ಜನರ ಕಣ್ಣಿಗೆ ಬಿದ್ದಾಗ, ಆರ್ಡುಯಿನೋದಂಥ ಬೋರ್ಡಿಗೆ ಅಂಟಿಸುವ ವೈಫೈ ಪುಡಿಕೆ ಎಂದೇ ಎಲ್ಲರೂ ತಿಳಿದಿದ್ದರು. ಆಮೇಲೆ ಗೊತ್ತಾಯಿತು, ಅಂಟಿಕೊಳ್ಳಲು ಬಂದ ಚಿಪ್ಪಿಗೇ ಹೆಚ್ಚು ಬುದ್ಧಿ ಇದೆ, ಪ್ರೋಗ್ರಾಮನ್ನು ಅದರೊಳಗೇ ಓಡಿಸಬಹುದು ಎಂದು. 2016ರಲ್ಲಿ ಅದರ ತಮ್ಮ ಇಎಸ್‌ಪಿ32 ಬಂತು: ಎರಡು ಕೋರ್, 240 ಮೆಗಾಹರ್ಟ್ಸ್, 520 ಕಿಲೋಬೈಟ್ ನೆನಪು, ವೈಫೈ, ಬ್ಲೂಟೂತ್ ಎರಡೂ ಒಳಗೇ. ಬೆಲೆ ಊನೋ ತದ್ರೂಪಿನ ಆಸುಪಾಸಿನಲ್ಲೇ. ಊನೋ ಕಾರನ್ನು ಫೋನಿನಿಂದ ಓಡಿಸಬೇಕಾದರೆ ಬ್ಲೂಟೂತ್ ಮಾಡ್ಯೂಲು ಬೇರೆ ಕೊಳ್ಳಬೇಕು, ಅದಕ್ಕೆ ನಾಲ್ಕು ವೈರು ಬೇರೆ ಎಳೆಯಬೇಕು. "ಅದ್ರಲ್ಲಿ ಎಲ್ಲಾ ಇದೆಯಲ್ಲಣ್ಣ, ಇದ್ಯಾಕೆ?" ಎಂದು ತಮ್ಮ ಕೇಳಿದರೆ ಊನೋ ಹಿಡಿದ ಅಣ್ಣನ ಬಳಿ ಸಲೀಸಾದ ಉತ್ತರವಿಲ್ಲ.

ಹಳ್ಳಿಯಲ್ಲಿ ವೈಫೈ ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ. ಇಎಸ್‌ಪಿ32 ತಾನೇ ಒಂದು ವೈಫೈ ಹುಟ್ಟಿಸಬಲ್ಲದು. ಫೋನು ಅದಕ್ಕೆ ಕೂಡಿಕೊಂಡರೆ ಸಾಕು; ರೂಟರ್ ಬೇಡ, ಇಂಟರ್ನೆಟ್ ಬೇಡ, ಟವರ್ ಸಿಗದಿದ್ದರೂ ತೊಂದರೆಯಿಲ್ಲ. ಬ್ರೌಸರಿನಲ್ಲಿ ಒಂದು ಪುಟ ತೆರೆದುಕೊಂಡು ಮುಂದೆ, ಹಿಂದೆ, ಎಡ, ಬಲ ಒತ್ತಿದರೆ ಅಂಗಳದಲ್ಲಿ ಕಾರು ಓಡುತ್ತದೆ. ಎರಡು ಇಎಸ್‌ಪಿ32 ಇದ್ದರೆ ಇಎಸ್‌ಪಿ-ನೌ ಎಂಬ ವ್ಯವಸ್ಥೆಯಲ್ಲಿ ಅವೆರಡೇ ನೇರ ಮಾತಾಡಿಕೊಳ್ಳುತ್ತವೆ. ಬಯಲಾದರೆ ನೂರಾರು ಅಡಿ ದಾಟುತ್ತದೆ, ತೆಂಗಿನ ಬೊಡ್ಡೆಗಳು ಅಡ್ಡ ಬಂದಷ್ಟೂ ದೂರ ಕಡಿಮೆಯಾಗುತ್ತದೆ. ಯಾವ ಸಾಲಿನ ಎಷ್ಟನೇ ಮರದವರೆಗೆ ಸಂದೇಶ ತಲುಪಿತು ಎಂದು ನಡೆದು ಗುರುತು ಹಾಕುವುದೇ ಒಂದು ಚೆಂದದ ಪ್ರಯೋಗ, ಅದಕ್ಕೆ ಚಕ್ರವೂ ಬೇಡ.

ಆದರೆ ಇಎಸ್‌ಪಿ32 ನಡೆಯುವುದು 3.3 ವೋಲ್ಟಿನಲ್ಲಿ. ಪೇಚು ಶುರುವಾಗುವುದು ಇಲ್ಲಿ. ಅಡ್ಡ ಬಂದದ್ದನ್ನು ಗುರುತಿಸಲು ಎಲ್ಲರೂ ಬಳಸುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರನ್ನೇ ತೆಗೆದುಕೊಳ್ಳಿ. ಅದಕ್ಕೆ 5 ವೋಲ್ಟ್ ಕೊಟ್ಟರೆ ಅದರ ಎಕೋ ಪಿನ್ನೂ 5 ವೋಲ್ಟೇ ವಾಪಸು ಕಳಿಸುತ್ತದೆ. ಊನೋ ಅದನ್ನು ಹಾಗೇ ನುಂಗುತ್ತದೆ. ಇಎಸ್‌ಪಿಗೆ ಅದು ಜಾಸ್ತಿ. ಎಕೋ ಪಿನ್ನಿನಿಂದ ಒಂದು ಕಿಲೋಓಮಿನ ರೆಸಿಸ್ಟರ್, ಅದರ ತುದಿಯಿಂದ ಗ್ರೌಂಡಿಗೆ ಎರಡು ಕಿಲೋಓಮಿನದು ಹಾಕಿ, ನಡುವಿನಿಂದ ವೈರು ತೆಗೆದರೆ ಐದರಲ್ಲಿ ಮೂರನೇ ಎರಡು ಪಾಲು, ಅಂದರೆ 3.3 ವೋಲ್ಟಿನಷ್ಟೇ ಬೋರ್ಡಿಗೆ ಹೋಗುತ್ತದೆ. ಎರಡು ರೆಸಿಸ್ಟರಿನ ಕೆಲಸ. ಗೊತ್ತಿದ್ದವರಿಗೆ ನಿಮಿಷದ ಮಾತು, ಗೊತ್ತಿಲ್ಲದವರ ಬೋರ್ಡು ಒಂದು ವಾರ ಸರಿಯಾಗಿ ನಡೆದು ಒಂದು ದಿನ ಆ ಪಿನ್ನನ್ನು ಕಳೆದುಕೊಂಡರೆ ಕಾರಣವೇ ಹೊಳೆಯುವುದಿಲ್ಲ.

ಪಿನ್ನುಗಳ ವಿಷಯದಲ್ಲೂ ಇಎಸ್‌ಪಿ32ಕ್ಕೆ ಮಡಿ ಜಾಸ್ತಿ. 34ರಿಂದ 39ರವರೆಗಿನವು ಕೇಳಿಸಿಕೊಳ್ಳುತ್ತವೆ, ಹೇಳುವುದಿಲ್ಲ. ಅಲ್ಲಿ ಮೋಟರ್ ಡ್ರೈವರ್ ಸಿಕ್ಕಿಸಿ ಯಾಕೆ ತಿರುಗುತ್ತಿಲ್ಲ ಎಂದರೆ ಪ್ರಯೋಜನವಿಲ್ಲ. 6ರಿಂದ 11ರವರೆಗಿನವು ಬೋರ್ಡಿನ ಫ್ಲ್ಯಾಷ್ ಮೆಮೊರಿಗೆ ಮೀಸಲು. 12ನೇ ಪಿನ್ನನ್ನು ಯಾವುದಾದರೂ ಸೆನ್ಸರ್ ಎತ್ತಿ ಹಿಡಿದಿದ್ದರೆ ಬೋರ್ಡು ಆನ್ ಮಾಡಿದಾಗ ಏಳುವುದೇ ಇಲ್ಲ. ವೈಫೈ ಹಾಕಿದರೆ ಅನಲಾಗ್ ಓದುವ ಪಿನ್ನುಗಳಲ್ಲಿ ಒಂದು ಗುಂಪು ಕೆಲಸ ನಿಲ್ಲಿಸುತ್ತದೆ. ಜೊತೆಗೆ ಇಎಸ್‌ಪಿ32ಕ್ಕೆ ಬೇಕಾದ ಸಾಫ್ಟ್‌ವೇರು ಬದಲಾಗುತ್ತಲೇ ಇರುತ್ತದೆ. 2024ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಮೋಟರಿನ ವೇಗ ಹೊಂದಿಸುವ ಹಳೆಯ ಆದೇಶಗಳನ್ನೇ ತೆಗೆದುಹಾಕಿದರು. ಅದಕ್ಕಿಂತ ಹಿಂದಿನ ವೀಡಿಯೊ ನೋಡಿ ಟೈಪು ಮಾಡಿದವರಿಗೆ ಪರದೆ ತುಂಬ ಕೆಂಪು ಸಾಲುಗಳು. ಹತ್ತು ವರ್ಷದ ಹಿಂದೆ ಬರೆದ ಊನೋ ಪ್ರೋಗ್ರಾಮು ಮಾತ್ರ ಇವತ್ತೂ ಸಾಮಾನ್ಯವಾಗಿ ಹಾಗೇ ಓಡುತ್ತದೆ. ಇಂಗ್ಲಿಷಿನ ದೋಷಸಂದೇಶ ಓದಿ ಅರ್ಥ ಮಾಡಿಕೊಳ್ಳಲು ಇನ್ನೂ ಕಷ್ಟಪಡುವ ಕನ್ನಡ ಮಾಧ್ಯಮದ ಮಗುವಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಇಷ್ಟು ಕೇಳಿದರೆ ಊನೋ ಗೆದ್ದಂತೆ ಕಾಣಬಹುದು. ಎದುರು ವಾದ ಗಟ್ಟಿಯಾದದ್ದೇ ಇದೆ. ಇವತ್ತು ಹೊಸದಾಗಿ ಬರುವ ಬೋರ್ಡುಗಳಲ್ಲಿ ಹೆಚ್ಚಿನವು 3.3 ವೋಲ್ಟಿನವು. ರಾಸ್ಪ್‌ಬೆರಿ ಪೈ, 2021ರಲ್ಲಿ ಬಂದ ಅದರ ಪುಟ್ಟ ಪಿಕೋ, ಬ್ರಿಟನ್ನಿನ ಶಾಲಾ ಮಕ್ಕಳಿಗೆಂದು ಬಿಬಿಸಿ ಹಂಚಿದ ಮೈಕ್ರೋಬಿಟ್, ನಮ್ಮ ಸಿ-ಡ್ಯಾಕ್ ತನ್ನ ವೇಗಾ ಪ್ರೊಸೆಸರಿನ ಮೇಲೆ ಕಟ್ಟಿದ ಏರೀಸ್, ಎಲ್ಲವೂ ಅದೇ ಜಾತಿ. ಐದು ವೋಲ್ಟಿನ ಸಲುಗೆಗೆ ಒಗ್ಗಿದ ಕೈ ಮುಂದೆ ಇವುಗಳನ್ನು ಮುಟ್ಟಿದಾಗ ಸುಡುವುದು ಖಚಿತ, ಹಾಗಾಗಿ ಎಚ್ಚರವನ್ನು ಮೊದಲ ದಿನದಿಂದಲೇ ಕಲಿಸಿ ಎಂದು ಇಎಸ್‌ಪಿ ಪಕ್ಷದವರು ಹೇಳುವುದರಲ್ಲಿ ಹುರುಳಿದೆ. ಎರಡು ಕಿಲೋಬೈಟ್ ನೆನಪಿನ ಬೋರ್ಡನ್ನು ಮಗು ಒಂದು ವರ್ಷದೊಳಗೆ ಮೀರಿ ಬೆಳೆಯುತ್ತದೆ ಎಂಬುದೂ ನಿಜ.

ಎರಡು ಪಕ್ಷದವರೂ ಬೋರ್ಡಿನ ಮೇಲೆ ಜಗಳವಾಡುತ್ತಾ ಬ್ಯಾಟರಿಯನ್ನು ಮರೆಯುತ್ತಾರೆ. ನನಗೆ ಬೇಸರ ತರಿಸುವ ವಿಷಯ ಇದೊಂದೇ. ಮನೆಯಲ್ಲಿ ಕಟ್ಟಿದ ರೋಬಾಟ್ ಕಾರುಗಳು ಕೆಡುವುದು ಬಹುಮಟ್ಟಿಗೆ ವಿದ್ಯುತ್ ಸಾಲದೆ. ಹಳದಿ ಗೇರ್ ಮೋಟರು, ಅಂಗಡಿಯವರು ಬಿಒ ಮೋಟರ್ ಎನ್ನುವುದು, ಸುಮ್ಮನೆ ತಿರುಗುವಾಗ ಕಡಿಮೆ ಎಳೆಯುತ್ತದೆ. ಚಕ್ರ ಸಿಕ್ಕಿಕೊಂಡರೆ ಒಂದು ಆಂಪಿಯರ್ ಹತ್ತಿರ ಎಳೆಯುತ್ತದೆ. ಅದನ್ನು ಯಾವ ಬೋರ್ಡಿನ ಪಿನ್ನಿಗೂ ನೇರ ಕೊಡುವಂತಿಲ್ಲ, ನಡುವೆ ಮೋಟರ್ ಡ್ರೈವರ್ ಬೇಕೇ ಬೇಕು. ಕಿಟ್ಟುಗಳಲ್ಲಿ ಬರುವ ಕೆಂಪು ಬೋರ್ಡಿನ ಎಲ್298ಎನ್ ಹಳೆಯ ಕಾಲದ್ದು. ಬ್ಯಾಟರಿಯ ಸುಮಾರು ಎರಡು ವೋಲ್ಟನ್ನು ತಾನೇ ಶಾಖ ಮಾಡಿ ತಿನ್ನುತ್ತದೆ. ಟಿಬಿ6612 ಪುಟ್ಟದು, ಅಷ್ಟು ತಿನ್ನುವುದಿಲ್ಲ. ಆದರೆ ಅದರ ಮಿತಿ ಒಂದು ಮೋಟರಿಗೆ 1.2 ಆಂಪಿಯರ್, ಎಲ್298ಎನ್ ಎರಡು ಆಂಪಿಯರ್‌ವರೆಗೆ ತಾಳುತ್ತದೆ, ಒರಟು ಕೈಗೂ ತಾಳುತ್ತದೆ.

ಇದರ ಮೇಲೆ ಮಕ್ಕಳು ಸಿಕ್ಕಿಸುವುದು ಚೌಕದ 9 ವೋಲ್ಟ್ ಬ್ಯಾಟರಿ. ಚಕ್ರ ಹೊರಡುವ ಕ್ಷಣ ಅದರ ವೋಲ್ಟೇಜು ಕುಸಿಯುತ್ತದೆ. ತೋಟದಲ್ಲಿ ಬೋರ್‌ವೆಲ್ ಮೋಟರು ಹೊರಟಾಗ ಮನೆಯ ದೀಪ ಒಮ್ಮೆ ಮಂಕಾಗುತ್ತದಲ್ಲ, ಅದೇ. ಆಗ ಎರಡು ಬೋರ್ಡುಗಳ ಗುಣ ಬೇರೆಯಾಗಿ ಕಾಣುತ್ತದೆ. ಊನೋ ಚಿಪ್ 2.7 ವೋಲ್ಟಿಗೆ ಇಳಿಯುವವರೆಗೂ ಉಸಿರು ಹಿಡಿದು ನಿಲ್ಲುತ್ತದೆ, ಅದಕ್ಕೂ ಕೆಳಗಿಳಿದರೆ ಸದ್ದಿಲ್ಲದೆ ಮೊದಲಿನಿಂದ ಶುರು ಮಾಡುತ್ತದೆ. ಕಾರು ಒಂದು ಗೇಣು ಮುಂದೆ ಜಿಗಿದು, ನಿಂತು, ಮತ್ತೆ ಜಿಗಿಯುತ್ತದೆ. ಮಗು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತದೆ. ಇಎಸ್‌ಪಿ32 ವೈಫೈಗೂ ಆಗಾಗ ಜೋರಾಗಿ ಕರೆಂಟು ಎಳೆಯುವುದರಿಂದ ಇನ್ನೂ ಬೇಗ ಬೀಳುತ್ತದೆ. ಆದರೆ ಕಂಪ್ಯೂಟರಿಗೆ ಸಿಕ್ಕಿಸಿದ್ದರೆ, ಬಿದ್ದಾಗ ಪರದೆಯ ಮೇಲೆ ಬ್ರೌನ್‌ಔಟ್, ಅಂದರೆ ವೋಲ್ಟೇಜು ಕುಸಿತ, ಆಯಿತೆಂದು ಒಂದು ಸಾಲು ಬರೆದು ಬೀಳುತ್ತದೆ. ಸೂಕ್ಷ್ಮವಾದ ಬೋರ್ಡೇ ಕಾಯಿಲೆಯ ಹೆಸರು ಹೇಳುತ್ತದೆ, ಗಟ್ಟಿಮುಟ್ಟಾದದ್ದು ಮುಚ್ಚಿಡುತ್ತದೆ. ಯಾವುದು ಮೇಲು ಎಂದು ನಾನು ಸುಲಭಕ್ಕೆ ಹೇಳಲಾರೆ. ಪರಿಹಾರ ಮಾತ್ರ ಎರಡಕ್ಕೂ ಒಂದೇ: ಮೋಟರಿಗೆ ಬೇರೆ ಬ್ಯಾಟರಿ, ಬೋರ್ಡಿಗೆ ಬೇರೆ, ಎರಡರ ಗ್ರೌಂಡ್ ವೈರು ಒಂದಾಗಿರಬೇಕು. ಗ್ರೌಂಡ್ ಸೇರಿಸುವುದು ಮರೆತರೆ ಮೋಟರು ಬೋರ್ಡಿನ ಮಾತೇ ಕೇಳುವುದಿಲ್ಲ.

18650 ಲಿಥಿಯಂ ಸೆಲ್ಲು ಬಲವಾದದ್ದು, ಎರಡು ಸೆಲ್ಲಿಗೆ 7.4 ವೋಲ್ಟ್ ಬರುತ್ತದೆ. ಆದರೆ ಅದನ್ನು ಚಾರ್ಜ್ ಮಾಡುವ ಜಾಗದ ಬಗ್ಗೆ ನಮ್ಮ ಕಡೆಯವರು ಹೆಚ್ಚು ಎಚ್ಚರ ವಹಿಸಬೇಕು. ಕಾಯಿಮಟ್ಟೆ, ನಾರು, ಒಣಗರಿ, ಅಟ್ಟದ ತುಂಬ ಎಣ್ಣೆ ತುಂಬಿದ ಕೊಬ್ಬರಿ ಇರುವ ಮನೆಯಲ್ಲಿ ಒಂದು ಸೆಲ್ಲು ಶಾರ್ಟ್ ಆಗಿ ಹೊತ್ತಿಕೊಂಡರೆ ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ, ದೊಡ್ಡವರ ಕಣ್ಣೆದುರೇ ಚಾರ್ಜ್ ಆಗಬೇಕು. ಮೊದಲ ಕಾರಿಗೆ ಚಾರ್ಜ್ ಮಾಡಬಹುದಾದ ಪೆನ್ಸಿಲ್ ಸೆಲ್ಲು ನಾಲ್ಕೈದು ಸೇರಿಸಿಕೊಂಡರೂ ಸಾಕು.

ಬೋರ್ಡು ಮೇಜಿನಿಂದ ಇಳಿದು ಮನೆಯ ಕೆಲಸಕ್ಕೆ ಬರುವ ಜಾಗವೆಂದರೆ ಅದೇ ಕೊಬ್ಬರಿ ಅಟ್ಟ. ಉಂಡೆ ಕೊಬ್ಬರಿಗೆಂದು ಏರಿಸಿದ ಕಾಯಿ ಹತ್ತು ಹನ್ನೆರಡು ತಿಂಗಳು ಅಲ್ಲೇ ಕೂತು, ನೀರು ಇಂಗಿ, ಒಳಗಿನ ತಿರುಳು ಚಿಪ್ಪು ಬಿಟ್ಟು ಗಿಟಕಾಗುವವರೆಗೆ ಅಲ್ಲಿನ ಬಿಸಿ, ತೇವ ಹೇಗೆ ಏರಿಳಿಯುತ್ತವೆ? ಡಿಎಚ್‌ಟಿ22 ಎಂಬ ಸೆನ್ಸರ್ ಹಾಕಿ ಅಳೆಯಬಹುದು. ಊನೋ ಸುಮ್ಮನಿದ್ದಾಗಲೂ ಐವತ್ತು ಮಿಲಿಆಂಪಿಯರಿನಷ್ಟು ಎಳೆಯುತ್ತದೆ. ಒಳ್ಳೆಯ ಪೆನ್ಸಿಲ್ ಸೆಲ್ಲುಗಳೂ ಎರಡು ದಿನಕ್ಕೆ ಮುಗಿಯುತ್ತವೆ. ಇಎಸ್‌ಪಿ32 ಅರ್ಧ ಗಂಟೆ ಗಾಢ ನಿದ್ದೆ ಮಾಡಿ, ಎದ್ದು, ಅಳೆದು, ಕೆಳಗಿನ ಮನೆಗೆ ಸಂದೇಶ ಕಳಿಸಿ ಮತ್ತೆ ಮಲಗಬಲ್ಲದು. ನಿದ್ದೆಯಲ್ಲಿ ಚಿಪ್ ಎಳೆಯುವುದು ಹತ್ತು ಮೈಕ್ರೋಆಂಪಿಯರಿನ ಲೆಕ್ಕದಲ್ಲಿ. ಹಾಗೆಂದು ಪುಸ್ತಕದ ಅಂಕಿ ನಂಬಿ ಕೂರುವಂತಿಲ್ಲ. ಅಗ್ಗದ ಬೋರ್ಡಿನ ಮೇಲಿರುವ ಕೆಂಪು ದೀಪ, ರೆಗ್ಯುಲೇಟರು, ಯುಎಸ್‌ಬಿ ಚಿಪ್ ನಿದ್ದೆ ಮಾಡುವುದಿಲ್ಲ. ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ ಇನ್ನೊಂದು ತಮಾಷೆ: ಇಷ್ಟು ಕಡಿಮೆ ಎಳೆಯುವುದನ್ನು ನೋಡಿ ಯಾರೂ ಇಲ್ಲವೆಂದುಕೊಂಡು ಎಷ್ಟೋ ಪವರ್ ಬ್ಯಾಂಕುಗಳು ತಾವೇ ಬಂದ್ ಆಗುತ್ತವೆ. ಆದರೂ ಈ ಕೆಲಸಕ್ಕೆ ಇಎಸ್‌ಪಿಯೇ ಸರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಅಟ್ಟಕ್ಕೆ ಲಿಥಿಯಂ ಮಾತ್ರ ಏರಿಸಬೇಡಿ.

ನೀರಿನ ತೊಟ್ಟಿಯ ಮಟ್ಟ ಅಳೆಯುವುದು ಎರಡೂ ಬೋರ್ಡಿಗೆ ಒಗ್ಗುವ ಪ್ರಯೋಗ. ಅಲ್ಲಿಂದ ಮುಂದಕ್ಕೆ, ರಿಲೇ ಹಾಕಿ ಬೋರ್‌ವೆಲ್ ಮೋಟರನ್ನೇ ಆನ್ ಮಾಡೋಣ ಎಂಬ ಆಸೆ ಹುಟ್ಟುತ್ತದೆ. ಬೇಡ. ಸ್ಟಾರ್ಟರ್ ಡಬ್ಬಿಯೊಳಗೆ ಇರುವುದು ಮೂರು ಫೇಸಿನ 415 ವೋಲ್ಟ್, ಅದು ಮಕ್ಕಳ ಪ್ರಯೋಗದ ಜಾಗವಲ್ಲ. ಆ ಕೆಲಸಕ್ಕೆಂದೇ ಮಾಡಿದ ಮೊಬೈಲ್ ಸ್ಟಾರ್ಟರ್‌ಗಳು ಮಾರುಕಟ್ಟೆಯಲ್ಲಿವೆ, ಹಾಕಲು ಎಲೆಕ್ಟ್ರಿಷಿಯನ್ ಇದ್ದಾರೆ.

ಕಿಟ್ ಕೊಳ್ಳುವುದೋ ಬಿಡಿಬಿಡಿಯಾಗಿ ಕೊಳ್ಳುವುದೋ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. ಕಿಟ್ಟಿನಲ್ಲಿ ಬೇಡದ್ದೂ ಬರುತ್ತದೆ, ಆದರೆ ಒಂದೇ ಪಾರ್ಸೆಲ್ಲಿನಲ್ಲಿ ಎಲ್ಲ ಬರುತ್ತದೆ. ದೂರದ ಊರಿಗೆ ಅದು ಲಾಭ. 2016ರಲ್ಲಿ ಶುರುವಾದ ಅಟಲ್ ಇನೊವೇಷನ್ ಮಿಷನ್ನಿನ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಲ್ಲಿ ಓದುವ ಮಗುವಾದರೆ ಅಲ್ಲಿ ಯಾವ ಬೋರ್ಡು ಇದೆಯೋ ಅದನ್ನೇ ಮನೆಗೂ ತರುವುದು ವಾಸಿ, ಕೇಳಲು ಒಬ್ಬ ಮೇಷ್ಟ್ರು ಸಿಗುತ್ತಾರೆ. ಶಾಲೆಯಲ್ಲಿ ಬೆಲ್ ಹೊಡೆದಾಗ ವೈರು ಬಿಚ್ಚಿ ಬೀರುವಿಗೆ ಇಡಬೇಕು; ಮನೆಯಲ್ಲಿ ಅರ್ಧ ಕಟ್ಟಿದ್ದನ್ನು ಹಾಗೇ ಬಿಟ್ಟು ಮಲಗಿ ಬೆಳಿಗ್ಗೆ ಎದ್ದು ಮತ್ತೆ ನೋಡಬಹುದು. ಮನೆಯ ಪ್ರಯೋಗದ ಬಲ ಅದೇ.

ನನ್ನ ತಕ್ಕಡಿ ಎತ್ತ ವಾಲುತ್ತದೆ ಎಂದು ಕೇಳಿದರೆ, ಮನೆಯಲ್ಲಿ ಸಂಜೆ ಯಾರು ಇರುತ್ತಾರೆ ಎಂದು ನಾನು ವಾಪಸು ಕೇಳುತ್ತೇನೆ. ಐಟಿಐ ಮುಗಿಸಿದ ಅಣ್ಣನೋ, ಮಲ್ಟಿಮೀಟರ್ ಹಿಡಿಯಲು ಬರುವ ಚಿಕ್ಕಪ್ಪನೋ, ಡಿಪ್ಲೊಮಾ ಓದುವ ಅಕ್ಕನೋ ಇದ್ದರೆ ನೇರ ಇಎಸ್‌ಪಿ32 ತರಿಸಿ. ಎರಡು ರೆಸಿಸ್ಟರಿನ ಪಾಠ ಒಂದೇ ಸಂಜೆಯಲ್ಲಿ ಮುಗಿಯುತ್ತದೆ, ಮುಂದಿನ ದಾರಿ ಉದ್ದಕ್ಕಿದೆ. ಯಾರೂ ಇಲ್ಲದೆ ಮಗು ಒಂಟಿಯಾಗಿ ವೈರಿನ ಜೊತೆ ಹೋರಾಡಬೇಕಾದರೆ ಸಾಕೆಟ್ ಇರುವ ಊನೋ. ಅದು ಹಳೆಯದು ಎಂದು ಮೂಗು ಮುರಿಯುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಮೊದಲ ತಿಂಗಳಲ್ಲಿ ಚಕ್ರ ತಿರುಗಿತೇ ಇಲ್ಲವೇ ಎಂಬುದರ ಮೇಲೆ ಆ ಮಗು ಎರಡನೇ ತಿಂಗಳು ಮೇಜಿಗೆ ಬರುತ್ತದೋ ಇಲ್ಲವೋ ನಿಂತಿದೆ.

ಮುಂದೆ ಎರಡೂ ಒಂದೇ ರೋಬಾಟಿನಲ್ಲಿ ಕೂರಬಹುದು, ಹಾಗೆ ಕೂರಿಸಿದವರೂ ಬೇಕಾದಷ್ಟು ಜನ. ಊನೋ ಮೋಟರು, ಸೆನ್ಸರು ನೋಡಿಕೊಳ್ಳುತ್ತದೆ, ಇಎಸ್‌ಪಿ32 ಫೋನಿನ ಮಾತು ಕೇಳಿ ಅದಕ್ಕೆ ದಾಟಿಸುತ್ತದೆ. ಊನೋ ಕಡೆಯಿಂದ ಇಎಸ್‌ಪಿಗೆ ಹೋಗುವ ವೈರಿನಲ್ಲಿ ಅದೇ ಎರಡು ರೆಸಿಸ್ಟರ್ ಇರಬೇಕು. ಇಎಸ್‌ಪಿ ಕಡೆಯಿಂದ ಬರುವ 3.3 ವೋಲ್ಟನ್ನು ಊನೋ ಹಾಗೇ ಓದಿಕೊಳ್ಳುತ್ತದೆ. ಊನೋ ತರಿಸುವವರು ಬೂಟ್‌ಲೋಡರ್ ಹಾಕಿದ ಬಿಡಿ ಚಿಪ್ ಒಂದನ್ನು ಅದೇ ಪಾರ್ಸೆಲ್ಲಿಗೆ ಸೇರಿಸಿ. ಇಎಸ್‌ಪಿ32 ತರಿಸುವವರು ಎರಡು ಬೋರ್ಡು ತರಿಸಿ. ಯಾವ ಪಕ್ಷದವರಾದರೂ ಬೋರ್ಡಿಗಿಂತ ಮೊದಲು ಒಂದು ಅಗ್ಗದ ಮಲ್ಟಿಮೀಟರ್ ಮನೆಗೆ ಬಂದಿರಲಿ.